ಸೊನ್ನೆ ಸಾಲು

ಬೆಳಿಗ್ಗೆ ಆರೂಕಾಲಿಗೆ ಸರ್ವರ್ ಏದುಸಿರು ಬಿಡುತ್ತದೆ.
ಬೈತಖೋಲದ ಧಕ್ಕೆಗೆ ಬೋಟುಗಳು ಒತ್ತೊತ್ತಿ ನಿಂತು,
ಟೋಕನ್ ಹೊರಬರದೆ ಹರಾಜು ತಡೆದು,
ಬುಟ್ಟಿಯ ಬಂಗಡೆಯ ಕಣ್ಣು ಮಸುಕಾಗುವಾಗ
ಹೆಂಗಸರು ನನ್ನ ಕಿಟಕಿಗೆ ಬಂದು ಬಯ್ಯುತ್ತಾರೆ,
ಅರ್ಧ ಕೊಂಕಣಿಯಲ್ಲಿ, ಉಳಿದರ್ಧ ಕೈಯಲ್ಲಿ.

‘ಲಾಗ್ ನೋಡು’ ಅಂದರು ನಾಗ್ವೇಕರ ಸಾಹೇಬರು,
ಲಾಗ್ ಅಂದರೆ ಹಾಜರಿ ಪುಸ್ತಕ ಅಂದುಕೊಂಡವರು.
ಪೂರ್ತಿ ತಪ್ಪೂ ಅಲ್ಲ.
ದಿನಕ್ಕೆ ಮೂರು ಲಕ್ಷ ಸಾಲು:
ಎಲ್ಲಿಂದ ಕೇಳಿದರು, ಏನು ಕೇಳಿದರು,
ಉತ್ತರಕ್ಕೆ ಎಷ್ಟು ಸೆಕೆಂಡು ಕಾದರು.
ಉತ್ತರ ಮಾತ್ರ ಅದರಲ್ಲಿ ಇರುವುದಿಲ್ಲ.

ಹುಬ್ಬಳ್ಳಿಯಿಂದ ಒಬ್ಬ ಬಂದ,
ಈ ಸೆಕೆಯಲ್ಲೂ ಟೈ ಕಟ್ಟಿದವ.
ಅವನ ಪರದೆಯ ಮೇಲೆ ಹಸಿರು ಗುಡ್ಡ, ಕೆಂಪು ಗುಡ್ಡ.
‘ಕೆಂಪು ಕಂಡಲ್ಲಿ ಒತ್ತಿ ಮೇಡಂ, ಅಷ್ಟೇ.’
ಒತ್ತಿದೆ. ಇನ್ನೊಂದು ಗುಡ್ಡ. ಅದರೊಳಗೆ ಮತ್ತೊಂದು.
ಸಾಹೇಬರು ಮೆಚ್ಚಿ ಚಹಾ ತರಿಸಿದರು.
ತಿಂಗಳ ಬಾಡಿಗೆ ಡಾಲರಿನಲ್ಲಿ ಎಂದಾಗ
ಅವನ ಬಸ್ಸಿನ ವೇಳೆ ವಿಚಾರಿಸಿದರು.

ಎರಡನೆಯದು ಪುಕ್ಕಟೆ,
ಯಾರೋ ಪುಣ್ಯಾತ್ಮ ಬರೆದು ಬಿಟ್ಟದ್ದು.
ಕಪ್ಪು ಪರದೆ, ಬಿಳಿ ಅಕ್ಷರ, ಚೆಂದವೇನಿಲ್ಲ.
ಒಂದೇ ಜಾತಿಯ ಪ್ರಶ್ನೆಗಳನ್ನು ಗುಡ್ಡೆ ಹಾಕುತ್ತದೆ,
ತಾರ್ಲೆ ಒಂದು ಕಡೆ, ಶೆಟ್ಲಿ ಒಂದು ಕಡೆ ಎನ್ನುವ ಹಾಗೆ.
ಗುಡ್ಡೆ ಹಾಕುವ ಮೊದಲು ಹೆಸರು, ನಂಬರು, ತಾರೀಕು
ಎಲ್ಲ ಉಜ್ಜಿ, ಆ ಜಾಗದಲ್ಲಿ
ಒಂದೊಂದು ಪ್ರಶ್ನೆಚಿಹ್ನೆ ನೆಡುತ್ತದೆ.
ಎಲ್ಲಕ್ಕಿಂತ ಮೇಲೆ ಬಂದ ಗುಡ್ಡೆ ಇದು:
ಬೋಟು ಸಂಖ್ಯೆ ? ಧಕ್ಕೆಗೆ ಬಂದದ್ದು ಎಂದು.
ಬೆಳಗಿಗೆ ಐವತ್ತು ಸಲ. ಸಲಕ್ಕೆ ಒಂಬತ್ತು ಸೆಕೆಂಡು.

ಯಾವ ಬೋಟು?
ಅದನ್ನು ಅದು ಉಜ್ಜಿಬಿಟ್ಟಿದೆ.

ಮೂರನೆಯದನ್ನು ಸಲಕರಣೆ ಅನ್ನಲೂ ನಾಚಿಕೆ.
ಗ್ರೆಪ್ ಎಂಬ ನಾಲ್ಕಕ್ಷರದ ಹಳೇ ಆಜ್ಞೆ,
ಪಾತ್ರೆ ಗೀರಲು ಇಟ್ಟುಕೊಂಡ ಕಾಯಿಕರಟದಂಥದ್ದು.
ಲೆಕ್ಕ ಮಾಡುವುದಿಲ್ಲ, ಬುದ್ಧಿ ಹೇಳುವುದಿಲ್ಲ,
ಇದ್ದ ಸಾಲನ್ನು ಇದ್ದ ಹಾಗೆ ಎತ್ತಿ ಕೊಡುತ್ತದೆ.
ಎತ್ತಿ ಕೊಟ್ಟಿತು:
೩೧೧೭. ೩೧೧೭. ೩೧೧೭. ೩೧೧೭.
ಎಲ್ಲ ಮೂರನೇ ಕೌಂಟರಿನಿಂದ.

ಹನ್ನೊಂದು ವರ್ಷದ ಆಗಮನದ ಟೇಬಲ್ಲನ್ನು
ಹೊಸದರಿಂದ ಹಳತಿಗೆ ತಡಕುವ ಪ್ರಶ್ನೆ.
ಸಿಕ್ಕಿದ್ದರೆ ಅಲ್ಲೇ ನಿಲ್ಲುತ್ತಿತ್ತು.
ಸಿಗದ್ದನ್ನೇ ಕೊನೆಯವರೆಗೂ ಹುಡುಕಬೇಕು.

ಉಮಾಕಾಂತ ಬಾನಾವಳಿಕರ ತಲೆ ಎತ್ತಲಿಲ್ಲ,
ಗದ್ದದಲ್ಲೇ ಹೊರಗೆ ತೋರಿಸಿದ.
ಐಸ್ ಕಾರ್ಖಾನೆಯ ಬಾಬುಸೋ ಕೊಠಾರಕರ,
ಹೆಗಲ ಗೋಣಿತಾಟಿನಿಂದ ನೀರಿಳಿಯುತ್ತ.
‘ಚೌತಿಯ ಮಾರನೇ ದಿನ ಹೋದ ಬೋಟು.
ನಲವತ್ತೆರಡು ಲಾದಿ ಐಸು, ಉದ್ರಿ.
ಮೊದಲು ಬಾಕಿ ಪುಸ್ತಕ ಹಿಡಿದು ಬರುತ್ತಿದ್ದ,
ಈಗ ಪುಸ್ತಕ ತರುವುದಿಲ್ಲ.
ಧಕ್ಕೆಗೆ ಒಂದೊಂದು ಬೋಟು ತಾಗಿದಾಗಲೂ
ಆಯ್ಲಿ? ಅಂತಾನೆ.
ಇಲ್ಲ ಅಂತ ನನ್ನ ಬಾಯಿಂದ ಹೇಗೆ ಹೇಳಲಿ.
ಮಷಿನ್ನೇ ಹೇಳಲಿ ಅಂತ ಒತ್ತುತ್ತೇನೆ.’

ವರದಿಯಲ್ಲಿ ಇಷ್ಟೇ ಬರೆದೆ:
ಎರಡನೆಯ ಸಲಕರಣೆ ಸಾಕು, ಖರ್ಚಿಲ್ಲ.
ನಿಧಾನಕ್ಕೆ ಕಾರಣ: ಇಂಡೆಕ್ಸ್ ಇಲ್ಲದ ಒಂದು ಕಾಲಂ.
ಬೋಟಿನ ನಂಬರು ನಾನೂ ಬರೆಯಲಿಲ್ಲ.

ಶನಿವಾರ ರಾತ್ರಿ ಇಂಡೆಕ್ಸ್ ಕಟ್ಟಿದೆ.
ಸೋಮವಾರ ಟೋಕನ್ ಸರಸರ ಹರಿದು ಬಂದವು,
ಹೆಂಗಸರು ಬಯ್ಯಲು ಬೇರೆ ಕಾರಣ ಹುಡುಕಿಕೊಂಡರು.
ಮೂರನೇ ಕೌಂಟರಿನಲ್ಲಿ ಬಾಬುಸೋ
ಆಯ್ಲಿ? ಎಂದು ಕೇಳಿ,
ದಿನದ ರೂಢಿಯಂತೆ ಕಡಲಿನ ಕಡೆ ತಿರುಗಿದ.
ಆ ಒಂಬತ್ತು ಸೆಕೆಂಡು ಅವನು ಅಲ್ಲಿ ನೋಡುತ್ತಿದ್ದನೆಂದು
ಯಾವ ಲಾಗಿನಲ್ಲೂ ಇರಲಿಲ್ಲ.
ಕತ್ತು ಪೂರ್ತಿ ಹೊರಳುವ ಮೊದಲೇ
ಪರದೆಯ ಮೇಲೆ ಸೊನ್ನೆ ಸಾಲು.

‘ಇಷ್ಟು ಬೇಗ?’ ಅಂದ.
‘ಸಮಾ ನೋಡಿತಾ ಅದು?’

ಉಮಾಕಾಂತ ನನ್ನ ಕಡೆ ನೋಡಿ
ಇನ್ನೊಮ್ಮೆ ಒತ್ತಿದ.